ಪಶ್ಚಾತ್ತಾಪದ ಒಂದು ಸಾಲು

"ಅತ್ತಿ, ನಿಮ್ಮ ಮ್ಯಾಲ ಯಾವಾಗರ ಪೊಲೀಸ್ ಕೇಸ್ ಆಗ್ಯಾದೇನ್ರಿ?" ಎಂದು ನಾನು ನಗುತ್ತ ಕೇಳಿದೆ.

ಲ್ಯಾಪ್‌ಟಾಪಿನಲ್ಲಿ ಕೆನಡಾದ ವೀಸಾ ಅರ್ಜಿ ತೆರೆದಿತ್ತು. ಕ್ಷಯ ಬಂದಿತ್ತೇ, ಸೈನ್ಯದಲ್ಲಿದ್ದಿರೇ, ಯಾವುದಾದರೂ ದೇಶದವರು ನಿಮ್ಮನ್ನು ಹೊರಗೆ ಹಾಕಿದ್ದರೇ ಎಂದೆಲ್ಲ ಕೇಳುವ ಪುಟ ಅದು. ಮನೆ, ಹೊಲ, ಬಸವಣ್ಣನ ಗುಡಿ ಬಿಟ್ಟು ನಾಲ್ಕನೆಯ ಜಾಗ ಕಾಣದ ನಮ್ಮತ್ತೆ ಕಸ್ತೂರಿಬಾಯಿಗೆ ಇವನ್ನೆಲ್ಲ ಓದಿ ಹೇಳುವಾಗ ನಗು ಬರದೆ ಇರುತ್ತದೆಯೇ? ಎಲ್ಲದಕ್ಕೂ ಇಲ್ಲ, ಇಲ್ಲ ಎಂದು ಒತ್ತುತ್ತ ಬಂದಿದ್ದೆ. ಇದಕ್ಕೂ ಒತ್ತಲು ಬೆರಳು ಎತ್ತಿಯಾಗಿತ್ತು.

ಅತ್ತೆ ಬಾಣಂತಿಗೆ ಕೊಡುವ ಅಂಟಿನುಂಡಿಗೆಂದು ಕೊಬ್ಬರಿ ತುರಿಯುತ್ತ ಕೂತಿದ್ದರು. ತಲೆ ಎತ್ತದೆ, "ಹೌದು, ಆಗ್ಯಾದ" ಎಂದರು.

ನಾನು ಆಳಂದದವಳು. ಅತನೂರಿನ ಈ ಮನೆಗೆ ಸೊಸೆಯಾಗಿ ಬಂದು ಆರೇಳು ವರ್ಷವಾಯಿತು. ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದರಿಂದ ಹಿಡಿದು ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದರವರೆಗೆ ಈ ಮನೆಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಬೀಗುತ್ತಿದ್ದವಳು. ಆ ಒಂದು ಮಾತಿಗೆ ನನ್ನ ಜಂಬ ಇಳಿಯಿತು.

"ಯಾವ ಕೇಸ್ರಿ?"

"ಸಾರಾಯಿ ಅಂಗಡಿ ಒಡದಿದ್ದು."

ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ ಮಾವ ಎದ್ದರು. ಟವೆಲ್ ಹೆಗಲಿಗೆ ಹಾಕಿಕೊಂಡು, "ಇಲ್ಲಂತ ಬರಿ, ಸಪ್ನಾ" ಎಂದಷ್ಟೇ ಹೇಳಿ ಹೊರಗೆ ಹೋದರು.

ಅತ್ತೆ ಹೇಳಿದ್ದು ಇಷ್ಟು. ಸರ್ಕಾರ ಸಾರಾಯಿ ಬಂದ್ ಮಾಡುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಶಾಲೆಗೆ ಹೋಗುವ ದಾರಿಯಲ್ಲೇ ಸಾರಾಯಿ ಅಂಗಡಿ ಇತ್ತು, ಲೈಸೆನ್ಸ್ ಪಡೆದದ್ದು. ಬೆಳಿಗ್ಗೆ ಹೊಲಕ್ಕೆಂದು ಹೊರಟ ಗಂಡಸರು ಎಷ್ಟೋ ಮಂದಿ ಅಲ್ಲೇ ಉಳಿಯುತ್ತಿದ್ದರು. ಒಂದು ದಿನ ಅತ್ತೆ, ಓಣಿಯ ಭಾಗ್ಯಜ್ಯೋತಿ ಕಾಕಿ, ನಜಮುನ್ನಿಸಾ, ಇನ್ನೂ ನಾಲ್ಕೈದು ಹೆಣ್ಣುಮಕ್ಕಳು ಒನಕೆ ಹಿಡಿದು ಹೋಗಿ ಬಾಗಿಲು, ಕಪಾಟು, ಸಾರಾಯಿ ಪಾಕೀಟಿನ ಪೆಟ್ಟಿಗೆ ಎಲ್ಲವನ್ನೂ ಒಡೆದು ಬಂದರು. ಅಂಗಡಿಯವನು ಕೇಸು ಹಾಕಿದ. ಅಫಜಲಪುರದ ಕೋರ್ಟಿಗೆ ಅಲೆದಾಟ ಶುರುವಾಯಿತು. ಅಷ್ಟರಲ್ಲಿ ತೊಗರಿ ಒಕ್ಕುವ ರಾಶಿಯ ದಿನ ಬಂತು. ಹೊಲದಲ್ಲಿ ರಾಶಿ ಬಿಟ್ಟು ಕೋರ್ಟಿನ ಕಟ್ಟೆಯ ಮೇಲೆ ದಿನಗಟ್ಟಲೆ ಕೂಡುವವರು ಯಾರು? "ಒಪ್ಪಿಕೊಂಡು ದಂಡ ಕಟ್ಟಿಬಿಡ್ರಿ, ಮುಗದು ಹೋಗ್ತದ" ಎಂದರಂತೆ ವಕೀಲರು. ಎಲ್ಲರೂ ಸಾಲಾಗಿ ನಿಂತು "ಹೌದ್ರಿ ಸಾಹೇಬ್ರ, ನಾವೇ ಒಡದೀವಿ" ಎಂದರು. ದಂಡ ಕಟ್ಟಿ, ಹೋದ ಟೆಂಪೋದಲ್ಲೇ ವಾಪಸು ಬಂದು ಸೀದಾ ಹೊಲದಲ್ಲಿ ಇಳಿದರು.

ತೊಗರಿ ಸೀಮೆಯ ಜನ ಮಾತ್ರ ಹಾಕುವ ಲೆಕ್ಕ ಇದು. ಕೊಂಡವಾಡಿಗೆ ಹೋದ ದನವನ್ನು ದಂಡ ಕೊಟ್ಟು ಬಿಡಿಸಿಕೊಂಡು ಬಂದ ಹಾಗೆ ಬಂದುಬಿಟ್ಟರು. ದಂಡ ಕಟ್ಟಿದರೂ ಅಪರಾಧಿ ಎಂಬ ಹೆಸರು ಉಳಿಯುತ್ತದೆ, ಅದು ಸಮುದ್ರ ದಾಟುವಾಗ ಅಡ್ಡ ಬರುತ್ತದೆ ಎಂದು ಅವತ್ತು ಯಾರಿಗೆ ಹೊಳೆಯಬೇಕು? ಪಾಸ್‌ಪೋರ್ಟ್ ಮಾಡಿಸುವಾಗಲೂ ಇಷ್ಟು ಹಳೆಯದನ್ನು ಯಾರೂ ಕೆದಕಿರಲಿಲ್ಲ.

"ಹಂಗಾದ್ರ ಮಾವಾರು ಯಾಕ ಎದ್ದು ಹೋದ್ರು?" ಎಂದೆ. ಕೇಳಿದ ಮೇಲೆ ನನಗೇ ಹೊಳೆಯಿತು. ಆದರೆ ನಾನು ಕಂಡ ಮಾವ ಎರಡನೇ ಸಲ ಚಹಾಕ್ಕೂ ಕೈ ಚಾಚುವವರಲ್ಲ. ಗುರಣ್ಣ ಎಂದು ಅವರ ಹೆಸರೆತ್ತಿದರೆ ಊರಿನಲ್ಲಿ ನಾಲ್ಕು ಮಂದಿ ಎದ್ದು ನಿಲ್ಲುತ್ತಾರೆ. ಅತ್ತೆ ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಅವರೂ ಕುಡೀತಿದ್ರು. ಅವತ್ತಿನಿಂದ ಮುಟ್ಟಿಲ್ಲ" ಎಂದರು.

ಈ ವೀಸಾ ಯಾತಕ್ಕೆ ಎಂದು ಹೇಳಬೇಕು. ನನ್ನ ನಾದಿನಿ ವಿಜಯಶ್ರೀ ಕೆನಡಾದ ರೆಜೈನಾ ಎಂಬ ಊರಿನಲ್ಲಿದ್ದಾಳೆ. ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಮುದುಕರಿಗೆ ಉಣಿಸಿ ತಿನಿಸಿ ಮಾಡುವ ಕೆಲಸ. ಗಂಡ ಅನೀಲಕುಮಾರ ಖಜೂರಿಯ ಲಾರಿ ಮನೆತನದವರು, ಅಲ್ಲೂ ದೊಡ್ಡ ಟ್ರಕ್ಕೇ ಓಡಿಸುತ್ತಾರೆ. ಹೋದರೆಂದರೆ ವಾರಗಟ್ಟಲೆ ಮನೆ ಕಡೆ ಇಲ್ಲ. ವಿಜಯಶ್ರೀಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಮೂರನೆಯದು ಈಗ ಐದು ತಿಂಗಳು. ವಿಮಾನ ಹತ್ತಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬರುವಂತಿಲ್ಲ. ಅವಳ ಅತ್ತೆ, ಅನೀಲಕುಮಾರರ ತಾಯಿ, ತೀರಿಕೊಂಡು ಎಷ್ಟೋ ವರ್ಷವಾಗಿದೆ. ಮಗಳು ಬರಲಾಗದಿದ್ದರೆ ಅವ್ವನೇ ಹೋಗಬೇಕು, ಹೋಗದಿದ್ದರೆ ಬಾಣಂತನ ಮಾಡುವವರು ಯಾರೂ ಇಲ್ಲ. ಅಷ್ಟೇ ವಿಷಯ.

ನನ್ನ ಗಂಡ ಅರುಣಕುಮಾರ ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ. ಕಬ್ಬು ನುರಿಸುವ ದಿನಗಳಲ್ಲಿ ಅವರಿಗೆ ಊಟಕ್ಕೆ ಬರಲೂ ಪುರುಸೊತ್ತಿಲ್ಲ. ಹಾಗಾಗಿ ಅತ್ತೆಯನ್ನು ಕರೆದುಕೊಂಡು ನಾನೇ ಆಳಂದಕ್ಕೆ ಹೋದೆ. ಮಾವನೂ ಕರೆಯದೆ ಬಸ್ಸು ಹತ್ತಿದರು. ದರ್ಗಾ ರಸ್ತೆಯಲ್ಲಿ ಹಫೀಜ ಚಾಚಾ ಅವರ ಅಂಗಡಿ ಇದೆ. ಉಮ್ರಾಕ್ಕೆ, ದುಬೈಗೆ, ಎಲ್ಲೆಲ್ಲಿಗೋ ಹೋಗುವವರ ಕಾಗದಪತ್ರ ಮಾಡಿಕೊಡುತ್ತಾರೆ. ನನ್ನನ್ನು ಲಂಗ ತೊಟ್ಟ ದಿನದಿಂದ ಬಲ್ಲವರು.

ಎಲ್ಲ ಕೇಳಿ ಅವರು, "ಇಲ್ಲಂತ ಒತ್ತಬ್ಯಾಡ ಬೇಟಿ" ಎಂದರು. "ಅಷ್ಟು ಹಳೇ ದಂಡದ ಕೇಸು ಅವರಿಗೆ ಭಾಳ ದೊಡ್ಡದಲ್ಲ. ತಿಳಿಸಿ ಹೇಳಿದ್ರ ಕೇಳ್ತಾರ. ಆದ್ರ ಸುಳ್ಳು ಹೇಳಿದ್ದು ಗೊತ್ತಾತಂದ್ರ ಐದು ವರ್ಷ ದರವಾಜಾ ಬಂದ್. ಆಮ್ಯಾಲ ಕೂಸಿನ ಬಾಣಂತನಕ್ಕಲ್ಲ, ಕೂಸನ್ನ ಸಾಲಿಗೆ ಹಾಕೋದಕ್ಕ ಹೋಗಬೇಕಾಗ್ತದ."

"ಅವರಿಗೆ ಹ್ಯಾಂಗ ಗೊತ್ತಾಗ್ತದ?" ಬಾಗಿಲಲ್ಲಿ ನಿಂತಿದ್ದ ಮಾವ ಕೇಳಿದರು.

"ಗೊತ್ತಾಗಲಿಕ್ಕೂ ಇಲ್ಲ, ಅಣ್ಣಾ. ಗೊತ್ತಾದ್ರ ಏನ್ ಮಾಡ್ತೀರಿ?"

ಕೋರ್ಟಿನ ತೀರ್ಪಿನ ನಕಲು ಬೇಕು, ದಂಡ ಕಟ್ಟಿದ್ದಕ್ಕೆ ಪುರಾವೆ ಬೇಕು, ಏನು ನಡೆಯಿತು ಎಂದು ಅತ್ತೆಯದೇ ಒಂದು ಹೇಳಿಕೆ ಬೇಕು ಎಂದರು ಚಾಚಾ. ಹೇಳಿಕೆಯ ಕೊನೆಗೆ, ಮಾಡಿದ್ದಕ್ಕೆ ಪಶ್ಚಾತ್ತಾಪವಾಗಿದೆ ಎಂಬ ಮಾತು ಇದ್ದರೆ ಒಳ್ಳೆಯದು ಎಂದೂ ಸೇರಿಸಿದರು.

ಅಂದಿನ ವಕೀಲರು ವಾಮನರಾಯರು. ವಯಸ್ಸಾಗಿ ವಕೀಲಿ ಬಿಟ್ಟು ಈಗ ಜೇವರ್ಗಿಯಲ್ಲಿದ್ದಾರೆ. ಭೀಮಾ ನದಿ ದಾಟಿ ಅವರ ಮನೆ ಹುಡುಕಿಕೊಂಡು ಹೋದಾಗ ಅವರು ಅತ್ತೆಯನ್ನು ನೋಡಿದ ಕೂಡಲೇ, "ಒನಕಿ ಕಸ್ತೂರಿಬಾಯಿ ಅಲ್ಲೇನವಾ ನೀ" ಎಂದು ನಕ್ಕರು. ಅವರ ಹೆಂಡತಿ ಪ್ರಮಿಲಾಬಾಯಿ ಅವಲಕ್ಕಿ ಚೂಡಾ, ಚಹಾ ಕೊಟ್ಟರು. ಅಫಜಲಪುರದಲ್ಲಿ ತಮ್ಮ ಜೂನಿಯರ್ ಒಬ್ಬರಿಗೆ ಹೇಳಿ ರಾಯರು ನಕಲು ತರಿಸಿಕೊಟ್ಟರು. ಎರಡನೆಯ ಸಲ ಹೋದಾಗ ಹೇಳಿಕೆಯನ್ನೂ ಬರೆದಿಟ್ಟಿದ್ದರು. ಕನ್ನಡಕ ಏರಿಸಿ ಓದಿದರು. ಅವಿದ್ಯಾವಂತಳಾದ ನಾನು ಅನ್ಯರ ಪ್ರಚೋದನೆಗೆ ಒಳಗಾಗಿ ಸದರಿ ಕೃತ್ಯದಲ್ಲಿ ಭಾಗಿಯಾಗಿರುತ್ತೇನೆ, ಇದಕ್ಕಾಗಿ ಮನಃಪೂರ್ವಕ ಪಶ್ಚಾತ್ತಾಪ ಪಡುತ್ತೇನೆ, ಹೀಗೆಲ್ಲ ಇತ್ತು.

"ಅನ್ಯರು ಅಂದ್ರ ಯಾರ್ರಿ?" ಎಂದು ಅತ್ತೆ ಕೇಳಿದರು.

"ಯಾರೋ ಒಬ್ಬರು. ಹೆಸರು ಹಾಕೂದಿಲ್ಲವಾ."

"ನನಗ ಯಾರೂ ಹೇಳಿಲ್ರಿ. ಎಲ್ಲಾರನ್ನೂ ನಾನೇ ಕರಕೊಂಡು ಹೋಗಿದ್ದು. ಅದನ್ನ ತೆಗೀರಿ."

ರಾಯರು ಗೆರೆ ಎಳೆದರು.

"ಅದೊಂದು ಪಶ್ಚಾತ್ತಾಪ ಅಂತ ಅಂದ್ರೆಲ್ಲ, ಅದನ್ನೂ ತೆಗೀರಿ. ಒಡದೇನಿ ಅಂತ ಬರೀರಿ. ದಂಡ ಕಟ್ಟೇನಿ ಅಂತ ಬರೀರಿ. ಅದು ಖರೇ. ಪಶ್ಚಾತ್ತಾಪ ನನಗ ಆಗಿಲ್ಲ."

"ಆಗದಿದ್ರೂ ಬರೀತಾರವಾ. ಆ ಒಂದು ಸಾಲಿನ ಮ್ಯಾಲೇ ಅವರು ಒಳಗ ಬಿಡೋದು."

"ಆಗಿಲ್ಲಲ್ರಿ ರಾಯರ. ಆಗಿಲ್ಲದ್ದನ್ನ ಹ್ಯಾಂಗ ಬರೀಲಿ?"

ರಾಯರಿಗೆ ಬೇಸರವಾಯಿತು. ನನಗೆ ಸಿಟ್ಟೇ ಬಂತು. ನನ್ನ ಸಿಟ್ಟು ಬಾಯಲ್ಲೇ ಇರುವಂಥದು, ಹೊಟ್ಟೆಗೆ ಇಳಿಯುವುದಿಲ್ಲ. ವಾಪಸು ಬರುವ ಬಸ್ಸಿನಲ್ಲಿ ತಡೆಯಲಾಗದೆ ಅಂದೇಬಿಟ್ಟೆ: "ಜಾತ್ರಿಗೆ ರೊಕ್ಕದ ಪಟ್ಟಿ ಕೇಳಾಕ ಬಂದವರಿಗೆ ಮನ್ಯಾಗ ಯಾರೂ ಇಲ್ಲ ಅಂತ ಒಳಗಿಂದ ನೀವೇ ಕೂಗಿ ಹೇಳ್ತೀರಿ. ಇದೊಂದು ಸಾಲಿಗೆ ಇಷ್ಟು ಹಟ ಯಾಕ್ರಿ ಅತ್ತಿ? ಅಲ್ಲಿ ನಿಮ್ಮ ಮಗಳು ಒಬ್ಬಾಕಿನೇ ಅದಾಳ."

"ಅದು ಬ್ಯಾರೆ, ಇದು ಬ್ಯಾರೆ" ಎಂದು ಅತ್ತೆ ಕಿಟಕಿಯ ಕಡೆ ತಿರುಗಿದರು.

ಸಂಜೆ ವಿಜಯಶ್ರೀಯ ಫೋನ್ ಬಂತು. ಅಲ್ಲಿ ಆಗ ಬೆಳಿಗ್ಗೆ. ಅವಳಿಗೆ ನಾನೇ ಮೊದಲೇ ಎಲ್ಲ ಹೇಳಿ ಇಟ್ಟಿದ್ದೆ, ಮಗಳ ಮಾತಾದರೂ ಕೇಳಲಿ ಎಂದು. ಅವಳು ಜಗಳವಾಡಲಿಲ್ಲ. "ಅವ್ವಾ, ಎರಡು ಸಲ ದವಾಖಾನ್ಯಾಗ ಒಬ್ಬಾಕಿನೇ ಮಲಗಿದ್ದೆ. ಗೋಡಿ ನೋಡಿಕೋತ ಮಲಗಿದ್ದೆ. ಈ ಸಲ ನೀ ಬಾಜೂಕ ಇದ್ರ ನಿಲ್ತದ ಅಂತ ಅನಸ್ತದ ಬೇ" ಎಂದಳು. ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು. ಅಲ್ಲಿ ಬಹಳ ಹೊತ್ತು ಪಾತ್ರೆ ತಿಕ್ಕುವ ಸಪ್ಪಳ ಕೇಳಿಸಿತು. ಪಾತ್ರೆಗಳನ್ನು ನಾನಾಗಲೇ ತಿಕ್ಕಿಟ್ಟಿದ್ದೆ.

ಮರುದಿನ ಬೆಳಿಗ್ಗೆ ರೊಟ್ಟಿ ಮುಗಿಸಿ ಕೈ ತೊಳೆದುಕೊಂಡು ನನ್ನ ಪಕ್ಕ ಬಂದು ಕೂತರು. "ಬರಿ ಸಪ್ನಾ. ತಪ್ಪಾಯ್ತು ಅಂತ ಬರಿ" ಎಂದರು.

ಇದಕ್ಕಾಗಿಯೇ ನಾನು ಅಷ್ಟು ಕೂಗಾಡಿದ್ದು. ಈಗ ಅವರ ಮುಖ ನೋಡಿದರೆ ನನ್ನ ಬೆರಳು ಮುಂದೆ ಹೋಗಲಿಲ್ಲ. ಸೋತವರ ಮುಖ ಅದು. ನಮ್ಮತ್ತೆಯನ್ನು ಹಾಗೆ ನಾನು ನೋಡಿದ್ದೇ ಇಲ್ಲ. ಆದರೂ ಲ್ಯಾಪ್‌ಟಾಪ್ ತೆರೆದೆ.

"ತಡಿ" ಎಂದರು ಮಾವ. ಪಡಸಾಲೆಯಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದವರು ಮೊರವನ್ನು ಬದಿಗಿಟ್ಟು ಎದ್ದು ಬಂದರು. "ಅದನ್ನ ಬರೀಬ್ಯಾಡ. ಇಕಿ ಮಾಡಿದ್ದು ತಪ್ಪು ಅಂತ ಬರದ್ರ, ನಾ ಇನ್ನೂ ಆ ಅಂಗಡ್ಯಾಗ ಕೂತಂಗ ಆಗ್ತದ."

ಅತ್ತೆ, "ನೀವು ಸುಮ್ನಿರ್ರಿ" ಎಂದರು.

"ಇಷ್ಟು ವರ್ಷ ಸುಮ್ನೇ ಇದ್ದೇನಲ್ಲ" ಎಂದು ಮಾವ ನನ್ನ ಕಡೆ ತಿರುಗಿದರು. "ನನ್ನ ಹೆಸರಿಲೆ ಬರಿ ಸಪ್ನಾ. ನಾ ಹೇಳ್ತೇನಿ."

ಅವರು ಕೂಡಲಿಲ್ಲ. ಕೋರ್ಟಿನಲ್ಲಿ ನಿಂತವರ ಹಾಗೆ ಕೈ ಕಟ್ಟಿ ನಿಂತು, ಬಿಟ್ಟು ಬಿಟ್ಟು ಹೇಳಿದರು. ನಾನು ಹಾಗೆಯೇ ಬರೆದುಕೊಂಡೆ.

"ಆ ದಿನ ಅಂಗಡ್ಯಾಗ ಇದ್ದವರೊಳಗ ನಾನೂ ಒಬ್ಬ. ಇಕಿ ಒನಕಿ ಎತ್ತಿದಾಗ ನಾ ನೆಲದ ಮ್ಯಾಲ ಬಿದ್ದಿದ್ದೆ, ಏಳಾಕ ಬರ್ತಿದ್ದಿಲ್ಲ. ಅದರ ಹಿಂದಿನ ವಾರ ಮಗಳ ಕಾಲಾಗಿನ ಗೆಜ್ಜಿ ಮಾರಿ ಕುಡದಿದ್ದೆ. ಎಲ್ಲಾ ಒಡದ ಮ್ಯಾಲ ಇಕಿ ನನ್ನ ರಟ್ಟಿ ಹಿಡದು ಎಬ್ಬಿಸಿದಳು. ಬೈಲಿಲ್ಲ. ಮನಿಗೆ ಕರಕೊಂಡು ಬಂದು ನೀರು ಕಾಯಿಸಿ ಮೈ ತೊಳದಳು. ಕೋರ್ಟಿನ್ಯಾಗ ಜಡ್ಜ್ ಸಾಹೇಬ್ರ ಮುಂದ ಒಡದವರು ನಿಂತಿದ್ರು, ಕುಡದವರು ಯಾರೂ ನಿಂತಿದ್ದಿಲ್ಲ. ದಂಡ ಇಕಿ ಕಟ್ಟಿದಳು. ತಪ್ಪು ನಂದು. ಪಶ್ಚಾತ್ತಾಪ ಅಂತ ಬರೀಲೇಬೇಕಂದ್ರ ನನ್ನ ಹೆಸರಿನ ಮುಂದ ಬರಕೋರಿ. ಅವತ್ತು ಇಕಿ ಒಡೀಲಿಲ್ಲಂದ್ರ ಇವತ್ತ ಈ ಕಾಗದಕ್ಕ ಸಹಿ ಮಾಡಾಕ ನಾ ಇರ್ತಿದ್ದಿಲ್ಲ. ನನ್ನ ಮಗಳು ತನ್ನ ಅವ್ವನ್ನ ಕರಿಯಾಕತ್ತಾಳ. ಇಕಿನ್ನ ಒಳಗ ಬಿಡ್ರಿ."

ಬರೆಯುತ್ತ ಬರೆಯುತ್ತ ನನಗೆ ಅಕ್ಷರ ಕಾಣದಂತಾಯಿತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದರು. ಮಾವ ಅವರ ಕಡೆ ಒಮ್ಮೆ ನೋಡಿ, ಮೊರ ಎತ್ತಿಕೊಂಡು ತೊಗರಿಯ ಮುಂದೆ ಹೋಗಿ ಕೂತರು. ಆ ಮನೆಯಲ್ಲಿ ಮಾವ ಆ ದಿನದ ಬಗ್ಗೆ ಮಾತಾಡಿದ್ದು ಅದೇ ಮೊದಲು ಎಂದು ನನಗೆ ಆಮೇಲೆ ಗೊತ್ತಾಯಿತು. ಇಬ್ಬರೂ ಒಂದೇ ತಾಟಿನ ರೊಟ್ಟಿ ಮುರಿದು ಉಣ್ಣುವವರು, ಇಷ್ಟು ವರ್ಷ ಆ ಮಾತನ್ನು ಮಾತ್ರ ಒಬ್ಬರಿಗೊಬ್ಬರು ಬಡಿಸಿರಲಿಲ್ಲ.

ಹಫೀಜ ಚಾಚಾ ಅದನ್ನು ಎರಡು ಸಲ ಓದಿದರು. "ವಕೀಲರ ಕಾಗದ ಬ್ಯಾಡ. ಅಮ್ಮಾರು ಏನು ಖರೇ ಅಂತಾರೋ ಅಷ್ಟು ಅವರದು, ಅಣ್ಣಾರದು ಇದು. ಇಂಗ್ಲಿಷ್‌ಗೆ ನಾ ಮಾಡಿಸ್ತೇನಿ. ಒಂದು ಶಬ್ದ ಬಿಡಂಗಿಲ್ಲ" ಎಂದರು. ಅರ್ಜಿ ಹೋಯಿತು. ಬೆರಳಚ್ಚು ಕೊಡಲು ಅತ್ತೆಯನ್ನು ಹೈದರಾಬಾದಿಗೂ ಕರೆದುಕೊಂಡು ಹೋಗಿಬಂದೆ.

ಆಮೇಲೆ ಕಾಯುವುದು. ಅತ್ತೆ ಹಳೇ ಸೀರೆಗಳನ್ನು ಸೇರಿಸಿ ಕೂಸಿಗೊಂದು ಕೌದಿ ಹೊಲಿದರು. ಉತ್ತತ್ತಿ, ಅಂಟು, ಕೊಬ್ಬರಿ ಡಬ್ಬಿ ಸೇರಿದವು. ವಿಜಯಶ್ರೀಗೆ ಆರು ಮುಗಿದು ಏಳಕ್ಕೆ ಬಿತ್ತು, ಎಂಟು ಹತ್ತಿರ ಬಂತು. ಆ ಒಂದು ಸಾಲು ಬರೆದುಬಿಟ್ಟಿದ್ದರೆ ಇಷ್ಟೊತ್ತಿಗೆ ಬರುತ್ತಿತ್ತೇನೋ ಎಂದು ದಿನಕ್ಕೆ ಹತ್ತು ಸಲ ನನಗೆ ಅನ್ನಿಸುತ್ತಿತ್ತು. ಅನ್ನಿಸಿದ್ದನ್ನು ನಾನು ಬಾಯಿ ಬಿಟ್ಟು ಹೇಳದೆ ಉಳಿದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ವೀಸಾ ಬಂತು. ಆ ಕಾಗದ ಓದಿದ ಅಧಿಕಾರಿಗೆ ಏನನ್ನಿಸಿತೋ, ಅವರು ಕಾರಣ ಹೇಳುವುದಿಲ್ಲ. ಹಫೀಜ ಚಾಚಾ ಆಳಂದದಿಂದ ಫೋನ್ ಮಾಡಿದಾಗ ನಾನು ಅಂಗಳದಲ್ಲೇ ಕೂತುಬಿಟ್ಟೆ. ವಿಜಯಶ್ರೀ ಅಲ್ಲಿ ಅತ್ತಳು. ಅರುಣ ಹವಳಗಾದಿಂದ ಪೇಡೆ ತಂದರು.

ಅತ್ತೆ ಮಾತ್ರ ಅಂದಿನಿಂದ ಮಂಕಾದರು. ಮೊದಲು ಮೊಳಕಾಲು ನೋವು ಎಂದರು. ಆಮೇಲೆ ರಾಶಿ ಬಂತು, ನೀನೊಬ್ಬಳೇ ಹ್ಯಾಂಗ ಮಾಡ್ತಿ ಎಂದರು. ಅಲ್ಲಿನ ಚಳಿಗೆ ತಾನು ಸತ್ತೇ ಹೋಗುತ್ತೇನೆ ಎಂದೂ ಒಂದು ದಿನ ಹೇಳಿದರು. ಹೊರಡುವ ಹಿಂದಿನ ಮಧ್ಯಾಹ್ನ ಚೀಲಗಳನ್ನು ತುಂಬಿ ಇಟ್ಟಿದ್ದೆವು. ಅದರ ಪಕ್ಕ ಕೂತು, "ನಾ ಹೋಗೂದಿಲ್ಲ ಸಪ್ನಾ" ಎಂದರು.

ನನ್ನ ತಲೆ ಕೆಟ್ಟಿತು. "ಅಲ್ರಿ ಅತ್ತಿ, ಆಳಂದಕ್ಕ ಅಲದೀವಿ, ಜೇವರ್ಗಿಗೆ ಅಲದೀವಿ, ಹೈದರಾಬಾದಿಗೆ ಹೋಗಿ..." ಎಂದು ಶುರು ಮಾಡಿದವಳು ಹೈದರಾಬಾದ್ ಎಂದ ಕಡೆ ನಿಂತೆ.

ಹೈದರಾಬಾದಿನಲ್ಲಿ ಕೆಲಸ ಮುಗಿದಾಗ, ರಾತ್ರಿ ನನ್ನ ಗೆಳತಿಯ ಮನೆಯಲ್ಲಿ ಉಳಿದು ಚಾರ್ಮಿನಾರ್ ನೋಡಿ ನಾಳೆ ಹೋಗೋಣ ಎಂದಿದ್ದೆ. ಅತ್ತೆ ಒಪ್ಪಲಿಲ್ಲ. ಮಧ್ಯಾಹ್ನದ ರೈಲಿಗೇ ಎಳೆದುಕೊಂಡು ಬಂದರು. ತಮ್ಮನ ಮಗನ ಮದುವೆಗೆ ಹೋದವರು ಅಕ್ಷತೆ ಹಾಕಿ ಸಂಜೆ ಬಸ್ಸಿಗೆ ವಾಪಸು. ತವರಿನಲ್ಲಿ ಅವರವ್ವ ತೀರಿಕೊಂಡಾಗಲೂ ಮಣ್ಣು ಮಾಡಿ ಅವತ್ತೇ ಬಂದಿದ್ದರು ಎಂದು ಊರವರು ಹೇಳುತ್ತಾರೆ. ಮಾವನನ್ನು ಬಿಟ್ಟಿರಲಾರರು ಎಂದು ನಾವೆಲ್ಲ ಚೇಷ್ಟೆ ಮಾಡುತ್ತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಮಾವ ಅವರ ಕಣ್ಣೆದುರು ಇರಬೇಕು. ಹಿಂದೆ ಮಾವ ಅಂಗಡಿಗೆ ಹೋಗುತ್ತಿದ್ದದ್ದೂ ಅದೇ ಹೊತ್ತಿಗೆ ಇರಬೇಕು ಎಂದು ನನಗೆ ಆಗ ತಿಳಿಯಿತು. ನಮ್ಮತ್ತೆ ಇಷ್ಟು ವರ್ಷ ಕಾವಲು ಕೂತಿದ್ದರು.

ಅವರ ಪಕ್ಕ ಕೂತು ಮೆಲ್ಲಗೆ ಕೇಳಿದೆ: "ಮಾವಾರ ಫಿಕರ್ ಏನ್ರಿ ಅತ್ತಿ?"

ಅತ್ತೆ ಇಲ್ಲ ಎನ್ನಲಿಲ್ಲ. "ನಾ ಒಂದು ದಿನಾನೂ ಬಿಡ್ರಿ ಅಂತ ಹೇಳಿಲ್ಲ. ಅವರೂ ಬಿಟ್ಟೇನಿ ಅಂತ ಹೇಳಿಲ್ಲ. ನಾ ಮನ್ಯಾಗ ಇದ್ದೆ, ಅವರೂ ಮನ್ಯಾಗ ಉಳದ್ರು. ಹಂಗೇ ನಡದು ಬಂತು. ಅಲ್ಲಿ ಆರು ತಿಂಗಳು ಇರೂದಂದ್ರ ಭಾಳ ಆತು. ನಾ ಅಲ್ಲಿ ಕೂತು ಏನ್ ನೋಡಲಿ?"

ಚೀಲಕ್ಕೆ ಕಟ್ಟಲು ಹಗ್ಗ ತಂದಿದ್ದ ಮಾವ ಬಾಗಿಲಲ್ಲೇ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಬಂದು ಅತ್ತೆಯ ಎದುರು ನೆಲದ ಮೇಲೆ ಕೂತರು. ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ.

"ಕಸ್ತೂರಿ" ಎಂದರು ಮಾವ. ಬೇರೆ ದಿನಗಳಲ್ಲಿ ಅವರು ಕರೆಯುವುದು ವಿಜ್ಯಾನವ್ವ ಎಂದು. ಅತ್ತೆ ಬೆಚ್ಚಿ ತಲೆ ಎತ್ತಿದರು. ಮಾವ ಅಂಗಿಯೊಳಗಿನ ಕೊರಳ ಲಿಂಗದ ಮೇಲೆ ಕೈ ಇಡಲು ಹೋದರು. ಅತ್ತೆ ಆ ಕೈ ಹಿಡಿದರು.

"ಆಣಿ ಬ್ಯಾಡ್ರಿ. ಸುಮ್ನ ಹೇಳ್ರಿ."

"ಕುಡ್ಯಾಂಗಿಲ್ಲ" ಎಂದರು ಮಾವ. ಯಾರೂ ಕೇಳದಿದ್ದರೂ ಇನ್ನೊಮ್ಮೆ ಅಂದರು: "ನೀ ಇಲ್ದಾಗೂ ಕುಡ್ಯಾಂಗಿಲ್ಲ."

ಅತ್ತೆ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, "ಹಂಗಾದ್ರ ಚೀಲ ಬರೋಬ್ಬರಿ ಕಟ್ರಿ, ದಾರ್‍ಯಾಗ ಬಿಚ್ಚಬಾರದು" ಎಂದರು.

ಹೋದರು. ಅಲ್ಲಿ ವಿಮಾನ ಇಳಿದ ಮೇಲೆ ಒಬ್ಬ ಅಧಿಕಾರಿ ಪಕ್ಕಕ್ಕೆ ಕೂಡಿಸಿ, ಫೋನಿನಲ್ಲಿ ಯಾರೋ ಕನ್ನಡದವರನ್ನು ಹಿಡಿದು, ಅಂಗಡಿ ಒಡೆದದ್ದು ಹೌದೇ ಎಂದು ಕೇಳಿದನಂತೆ. ಇವರು ಹೌದ್ರಿ ಎಂದರಂತೆ. ಬಂದದ್ದು ಯಾಕೆ ಎಂದಾಗ ಮಗಳ ಬಾಣಂತನಕ್ಕೆ ಎಂದರಂತೆ. ಅವನು ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತಿ ಚೀಲ ಎತ್ತಿಕೊಳ್ಳಲು ತಾನೇ ಕೈ ಹಚ್ಚಿದನಂತೆ.

ಮಾತು ಕೊಟ್ಟ ಮಾತ್ರಕ್ಕೆ ಇಷ್ಟು ವರ್ಷದ ಭಯ ಹೋಗುವುದಿಲ್ಲ. ದಿನಾ ಇಲ್ಲಿ ದೀಪ ಹಚ್ಚುವ ಹೊತ್ತಿಗೆ, ಅಲ್ಲಿ ಬೆಳಗಾಗುತ್ತಲೇ, ಅತ್ತೆಯ ವಿಡಿಯೋ ಕಾಲ್ ಬರುತ್ತಿತ್ತು. ಮೊದಲ ಮಾತು ಯಾವಾಗಲೂ ಒಂದೇ: "ಅವರೆಲ್ಲಿ ಅದಾರ?" ಮಾವ ಅಷ್ಟೊತ್ತಿಗೆ ಹೊಲದಿಂದ ಬಂದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ತಯಾರಾಗಿ ಕೂತಿರುತ್ತಿದ್ದರು. ನಾನು ಫೋನ್ ಆ ಕಡೆ ತಿರುಗಿಸಿದರೆ ಕೈ ಎತ್ತಿ, "ಇಲ್ಲೇ ಅದೇನಿ" ಎನ್ನುತ್ತಿದ್ದರು. ಅತ್ತೆ ಪರದೆಯ ಹತ್ತಿರ ಮುಖ ತಂದು ನೋಡುತ್ತಿದ್ದರು. ಆಮೇಲೆಯೇ ಉಳಿದ ಮಾತು. ಶಾಲೆಯ ಹುಡುಗರ ಹಾಜರಿಯಂತೆ ಇದೇನು ಎಂದು ಮಾವನ ಪರವಾಗಿ ನನಗೇ ಕೆಡುಕೆನಿಸುತ್ತಿತ್ತು. ಮಾವ ಒಂದು ದಿನವೂ ಬೇಸರಿಸಲಿಲ್ಲ, ಒಂದು ದಿನವೂ ತಡವಾಗಿ ಬರಲಿಲ್ಲ.

ವಿಜಯಶ್ರೀ ಹೆತ್ತ ಸುದ್ದಿ ಬೆಳಿಗ್ಗೆಯೇ ಅನೀಲಕುಮಾರರಿಂದ ಬಂದಿತ್ತು. ಹೆಣ್ಣು, ಇಬ್ಬರೂ ಆರಾಮ. ಅತ್ತೆಯ ಫೋನ್ ಬಂದಾಗ ಸಂಜೆಯಾಗಿತ್ತು. ಪರದೆಯ ತುಂಬ ಕೆಂಪು ಕೆಂಪಾದ ಒಂದು ಮುಖ, ಅದಕ್ಕೆ ನಮ್ಮ ಮನೆಯದೇ ಮೂಗು. ಅತ್ತೆಗೆ ಮಾತು ನಿಲ್ಲಲೇ ಇಲ್ಲ. ತಲೆ ತುಂಬ ಕೂದಲು ನೋಡು, ಅಳೋದು ನಮ್ಮ ಅರುಣನಂಗೇ ಅಳ್ತದ, ಬಾಣಂತಿಗೆ ಐಸ್ ಹಾಕಿದ ರಸ ತಂದು ಕೊಡ್ತಾರ ಇಲ್ಲಿಯವರು, ನಾ ಬೈದು ಕಳಿಸಿದೆ, ವಿಜ್ಯಾ ನನ್ನ ಕೈ ಬಿಡಲೇ ಇಲ್ಲ ರಾತ್ರಿಯೆಲ್ಲಾ, ನೋಡಿಲ್ಲಿ ಹ್ಯಾಂಗ ಕೆಂಪಾಗ್ಯಾದ ಎಂದು ಒಂದೇ ಸಮ. ವಿಜಯಶ್ರೀ ಹಿಂದೆ ಮಲಗಿ ನಗುತ್ತಿದ್ದಳು. ಅಷ್ಟರಲ್ಲಿ ಕೂಸು ಅತ್ತಿತು. "ಇಡ್ತೇನಿ ಬೇ, ಹಾಲಿಗೆ ಅಳಾಕತ್ತಾದ" ಎಂದು ಅತ್ತೆ ಫೋನ್ ಇಟ್ಟೇಬಿಟ್ಟರು.

ಮಾವ ಕಂಬದ ಹತ್ತಿರ ತಯಾರಾಗಿ ಕೂತೇ ಇದ್ದರು. ನಾನು ಫೋನ್ ತಿರುಗಿಸುವೆನೆಂದು ಎತ್ತಿದ್ದ ಕೈ ಹಾಗೆಯೇ ಇತ್ತು. ನನಗೆ ಪಿಚ್ಚೆನಿಸಿತು. "ಗದ್ದಲದಾಗ ಮರತಾರ್ರಿ ಮಾವ. ಮತ್ತ ಹಚ್ಚಲೇನ್ರಿ?" ಎಂದೆ.

"ಬ್ಯಾಡ, ಹಚ್ಚಬ್ಯಾಡ."

ಕೈ ಇಳಿಸಿ, ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒತ್ತಿಕೊಂಡರು. ಆಮೇಲೆ ನನ್ನನ್ನು ನೋಡಿ ನಕ್ಕರು. ಮೊಮ್ಮಗಳ ಮುಖ ಕಂಡಾಗಲೂ ಅವರು ಹಾಗೆ ನಕ್ಕಿರಲಿಲ್ಲ.

"ನಿಮ್ಮ ಅತ್ತಿ ಇವತ್ತ ನಾ ಎಲ್ಲಿ ಅದೇನಂತ ಕೇಳಲೇ ಇಲ್ಲ, ನೋಡು ಸಪ್ನಾ" ಎಂದರು.